ಹಾದಿಯ ಪಾಲು

ಎದುರುಬದುರಾಗಿ ಬಂದ ಇಬ್ಬರು ದಾರಿಗರಲ್ಲಿ ಯಾರು ಯಾರಿಗೆ ಹಾದಿ ಬಿಡಬೇಕು ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಈ ವಿಷಯವಾಗಿ ಒಂದು ವಿಧಿಯುಂಟು. ಗಾಡಿಯೇರಿ ಬರುವವನು, ತೊಂಬತ್ತು ವರುಷ ಮೀರಿದ ಮುದುಕನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕನು, ಅರಸನು, ಮದುವಣಿಗನು, ಇವರಿಗೆ ಉಳಿದವರು ಹಾದಿ ಬಿಡತಕ್ಕದ್ದು ಎಂಬುದು ಅದರ ತಾತ್ಪರ್ಯ. ಈ ಪಟ್ಟಿಯಲ್ಲಿ ಎರಡು ಬಗೆಯವರು ಬೆರೆತಿರುವರು. ಮುದುಕನೂ ರೋಗಿಯೂ ಹೊರೆ ಹೊತ್ತವನೂ ತಮ್ಮ ಅಶಕ್ತಿಯ ದೆಸೆಯಿಂದ ಹಾದಿ ಪಡೆಯುವರು. ಅರಸನೂ ಸ್ನಾತಕನೂ ತಮ್ಮ ಹಿರಿಮೆಯ ದೆಸೆಯಿಂದ ಪಡೆಯುವರು. ಹನ್ನೆರಡನೆಯ ಶತಮಾನದ ಶಿವಶರಣರು ಹುಟ್ಟು ಪದವಿಗಳ ಹಿರಿಮೆಯನ್ನು ತಳ್ಳಿಹಾಕಿದರು; ಅಶಕ್ತರ ಮೇಲಣ ಕರುಣೆಯನ್ನು ಉಳಿಸಿಕೊಂಡರು. ಅವರ ಮಾರ್ಗದಲ್ಲಿ ನಡೆಯುವೆವೆಂದು ಹೇಳಿಕೊಳ್ಳುವ ನಾವು ನಮ್ಮೂರಿನ ಡಾಂಬರು ರಸ್ತೆಯ ಮೇಲೆ ಯಾವ ವಿಧಿಯನ್ನು ಅನುಸರಿಸುತ್ತಿರುವೆವು? ಇಂದು ಎಲ್ಲರೂ ಗಾಡಿಯವರೇ. ಕೆಲವರದು ನಾಲ್ಕು ಚಕ್ರ, ಕೆಲವರದು ಎರಡು. ಹೀಗಿರಲು ಹಾದಿ ಬಿಡುವವರು ಯಾರು?

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಗ್ರಂಥಾವಲೋಕನದಿಂದಲ್ಲ. ಮೈಸೂರಿನಿಂದ ಕೃಷ್ಣರಾಜನಗರ, ಭೇರ್ಯಗಳ ಮೇಲೆ ಬಂದ ರಸ್ತೆಯು ಹಳ್ಳಿಮೈಸೂರನ್ನು ಹಾದು ಹೊಳೆನರಸೀಪುರ, ಹಾಸನಗಳ ಕಡೆಗೆ ಹೋಗುವುದಷ್ಟೆ. ಒಂದು ಶ್ರಾವಣ ಸೋಮವಾರದ ಬೆಳಿಗ್ಗೆ ನಾನು ಆ ರಸ್ತೆಯ ಬದಿಯಲ್ಲಿ ಬಸ್ಸಿಗಾಗಿ ಕಾದು ನಿಂತಿದ್ದೆನು. ಡೇರಿಗೆ ಹಾಲು ಹಾಕಿ ಹಿಂತಿರುಗುತ್ತಿದ್ದ ಒಂದು ಮೋಟಾರು ಸೈಕಲ್ಲಿಗೂ ದೇವರ ಕಾರ್ಯಕ್ಕೆಂದು ದೂರದಿಂದ ಊರಿಗೆ ಬಂದಿದ್ದ ಒಂದು ಕಾರಿಗೂ ತಾಗಿತು. ಕಾರಿನವನು ಸನ್ನೆ ತೋರದೆ ಬಲಕ್ಕೆ ತಿರುಗಿದನೆಂದು ಇವನು. ಸವಾರನು ಅಡ್ಡ ನುಗ್ಗಿದನೆಂದು ಅವನು. ಕಾರಿನ ಕನ್ನಡಿ ಮುರಿದಿತ್ತು, ಬರಿಯ ಕ್ಯಾನು ಉರುಳಿ ಚರಂಡಿಗೆ ಬಿದ್ದಿತ್ತು. ಇಬ್ಬರೂ ಒಂದು ಕಾಲದಲ್ಲಿ ನನ್ನ ಮುಂದೆ ಕುಳಿತು ವಚನಗಳನ್ನು ಬಾಯಿಪಾಠ ಒಪ್ಪಿಸಿದ ಹುಡುಗರೇ. ನನ್ನನ್ನು ಕಂಡೊಡನೆ, “ಮೇಷ್ಟ್ರೇ, ನೀವೇ ನ್ಯಾಯ ಹೇಳಿ” ಎಂದರು. ನಾನು ಒಬ್ಬೊಬ್ಬರ ವಾದವನ್ನೂ ಗಂಭೀರವಾಗಿ ಕೇಳುತ್ತ ನಿಂತೆನು.

ಅಷ್ಟರಲ್ಲಿ ಹೂ ಮಾರುವ ಹೆಂಗಸೊಬ್ಬಳು ಬುಟ್ಟಿಯನ್ನು ಕೆಳಗಿಟ್ಟು ನಮ್ಮ ಬೆನ್ನ ಹಿಂದೆ ಹೋದುದನ್ನು ಕಂಡು ತಿರುಗಿ ನೋಡಿದೆನು. ಸವಾರನ ತಾಯಿ ರಸ್ತೆಯ ಅಂಚಿನಲ್ಲಿ ಕುಳಿತಿದ್ದಳು. ಹಿಂದೆ ಕುಳಿತು ಬಂದಿದ್ದ ಆಕೆಯ ತಲೆಗೆ ಹೆಲ್ಮೆಟ್ಟಿರಲಿಲ್ಲ. ಹಣೆಯಿಂದ ಇಳಿದ ರಕ್ತ ಸೀರೆಯನ್ನು ನೆನೆಸಿತ್ತು. ಹೂವಿನವಳು ತನ್ನ ಸೆರಗನ್ನೇ ಒತ್ತಿ ಹಿಡಿದು, “108ಕ್ಕೆ ಫೋನ್ ಮಾಡ್ರಪ್ಪಾ, ಆಮೇಲೆ ಜಗಳ ಆಡಿ” ಎಂದಳು. ತಪ್ಪು ಯಾರದೆಂದು ಅವಳು ಕೇಳಲೇ ಇಲ್ಲ. ಆ ತಾಯಿ ಮುಂದೆ ಗುಣಹೊಂದಿದಳೆಂಬುದು ಶಿವಕೃಪೆ. ಆದರೆ ಮೂವತ್ತು ವರುಷ ದಯೆಯನ್ನು ಬೋಧಿಸಿದ ನಾನು ಹತ್ತು ನಿಮಿಷ ನ್ಯಾಯ ಕೇಳುತ್ತ ನಿಂತಿದ್ದೆನೆಂಬುದನ್ನು ನನ್ನ ಮನಸ್ಸು ಇನ್ನೂ ಕ್ಷಮಿಸಿಲ್ಲ.

ಮೊದಲು ಉಭಯ ಪಕ್ಷಗಳ ಅಹವಾಲನ್ನು ನಿಷ್ಪಕ್ಷಪಾತವಾಗಿ ನೋಡೋಣ. ಸವಾರನು ಹೇಳುವನು: ಕಾರಿನವರು ನಮ್ಮನ್ನು ಮನುಷ್ಯರೆಂದೇ ಎಣಿಸುವುದಿಲ್ಲ, ಇರುಳಿನಲ್ಲಿ ದೀಪದ ಪ್ರಖರ ಬೆಳಕನ್ನು ತಗ್ಗಿಸದೆ ಕಣ್ಣು ಕುಕ್ಕಿಸುವರು, ಹಿಂದೆ ನೋಡದೆ ಬಾಗಿಲು ತೆರೆಯುವರು, ಹಾರನ್ನು ಬಾರಿಸಿ ನಮ್ಮನ್ನು ಮಣ್ಣಿಗೆ ಇಳಿಸುವರು. ಕಾರಿನವನು ಹೇಳುವನು: ಇವರು ಎಡದಿಂದಲೂ ನುಸುಳುವರು, ಬಲದಿಂದಲೂ ನುಸುಳುವರು, ಒಂದು ವಾಹನದ ಮೇಲೆ ಮೂವರು ಕುಳಿತು, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಬರುವರು, ತಪ್ಪು ಯಾರದಾದರೂ ಜನ ಸೇರಿ ದೊಡ್ಡ ಗಾಡಿಯವನನ್ನೇ ಹೊಡೆಯುವರು. ಈ ಎರಡು ಅಹವಾಲುಗಳೂ ಸುಳ್ಳಲ್ಲ. ಆದರೆ ಎರಡರಲ್ಲಿಯೂ ಒಂದು ಸಾಮಾನ್ಯ ದೋಷವಿರುವುದು. ಎದುರಿನವನ ತಪ್ಪನ್ನು ತೋರಿಸಿದೊಡನೆ ತನ್ನ ಕರ್ತವ್ಯ ತೀರಿತೆಂದು ಪ್ರತಿಯೊಬ್ಬನೂ ಭಾವಿಸುವನು. ಧರ್ಮವು ವ್ಯಾಪಾರವಾಯಿತು: ನೀನು ಕೊಟ್ಟರೆ ನಾನು ಕೊಡುವೆನು!

ಈ ಬಿಕ್ಕಟ್ಟಿಗೆ ಸರ್ಕಾರವು ಒಂದು ಕಡೆ ಕಂಡುಕೊಂಡ ಪರಿಹಾರವೆಂದರೆ ಇಬ್ಬರನ್ನೂ ಬೇರ್ಪಡಿಸುವುದು. ಬೆಂಗಳೂರು–ಮೈಸೂರು ನಡುವಣ ಹೊಸ ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಟ್ರಾಕ್ಟರುಗಳಿಗೂ ಪ್ರವೇಶವನ್ನು ನಿಷೇಧಿಸಲಾಯಿತು. ಅವು ಪಕ್ಕದ ಸೇವಾರಸ್ತೆಯಲ್ಲಿ ಸಾಗಬೇಕು. ಇದು ಪ್ರಾಣರಕ್ಷಣೆಗಾಗಿ ಎಂದು ಕೆಲವರು, ಬಡವರನ್ನು ಹೊರಗಟ್ಟುವ ಕ್ರಮವೆಂದು ಕೆಲವರು. ನನ್ನ ಮತಿಗೆ ತೋರುವುದಿಷ್ಟು: ಕ್ಷಣಕ್ಷಣವೂ ಪ್ರಾಣಭಯವಿರುವ ಹಾದಿಯಿಂದ ದುರ್ಬಲನನ್ನು ದೂರವಿಡುವುದು ದಯೆಯೇ ಆಗಬಹುದು, ಆದರೆ ಅವನಿಗೆ ಕೊಟ್ಟ ಬೇರೆ ಹಾದಿಯು ಅಷ್ಟೇ ಪೂರ್ಣವೂ ಸುರಕ್ಷಿತವೂ ಆಗಿದ್ದರೆ ಮಾತ್ರ. ಇಲ್ಲವಾದರೆ ದಯೆಯ ಹೆಸರಿನಲ್ಲಿ ಅದು ಬಹಿಷ್ಕಾರವಾಗುವುದು. ಅದೇನೇ ಇರಲಿ, ಹಳ್ಳಿಮೈಸೂರಿನಲ್ಲಿ, ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ ಊರೂರಿಗೂ ಎರಡೆರಡು ಹಾದಿಗಳನ್ನು ಮಾಡಲಾಗದು. ನಮಗೆ ಇರುವುದು ಒಂದೇ ರಸ್ತೆ. ಅದರಲ್ಲಿಯೇ ಕೂಡಿ ಬಾಳಬೇಕು.

ಕೂಡಿ ಬಾಳುವುದಕ್ಕೆ ನಮ್ಮ ಪಂಚಾಚಾರಗಳಲ್ಲಿ ಕಡೆಯದಾದ ಭೃತ್ಯಾಚಾರವೇ ದಾರಿದೀಪ. ಎದುರಿಗೆ ಬಂದವರನ್ನು ಒಡೆಯರೆಂದೂ ತನ್ನನ್ನು ಸೇವಕನೆಂದೂ ತಿಳಿದು ನಡೆಯುವುದೇ ಭೃತ್ಯಾಚಾರ. ಬಿಜ್ಜಳನ ಭಂಡಾರದ ಮುದ್ರೆಯನ್ನು ಕೈಯಲ್ಲಿ ಹಿಡಿದಿದ್ದ ಅಣ್ಣ ಬಸವಣ್ಣನವರು ಎಲ್ಲರಿಗಿಂತ ತಾವೇ ಕಿರಿಯರೆಂದು ಭಾವಿಸಿದರು. ಅಧಿಕಾರವು ಹೆಚ್ಚಿದಷ್ಟೂ ವಿನಯವು ಹೆಚ್ಚಬೇಕೆಂಬುದೇ ಅವರ ಬಾಳಿನ ಪಾಠ. ಇದನ್ನು ರಸ್ತೆಗೆ ಅನ್ವಯಿಸಿ ನೋಡಿರಿ. ಹಾಲಿನವರು ಬಳಸುವ ಸಾಮಾನ್ಯ ಮೋಟಾರು ಸೈಕಲ್ಲಿನ ತೂಕ ಸುಮಾರು 110 ಕಿಲೋ. ಚಿಕ್ಕ ಕಾರಿನ ತೂಕ ಸುಮಾರು 800 ಕಿಲೋ. ದೊಡ್ಡದಾದರೆ 1500ನ್ನೂ ಮೀರುವುದು. ವೇಗವು ಇಮ್ಮಡಿಸಿದರೆ ಹೊಡೆತದ ಶಕ್ತಿಯು ನಾಲ್ಕು ಮಡಿಯಾಗುವುದು. ಗಂಟೆಗೆ 60 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಮಿಗಿಲಾಗಿ ಸಾಗುವುದು; ಅಷ್ಟು ಹೊತ್ತು ಕಣ್ಣು ಬೇರೆಡೆ ತಿರುಗಿದರೆ ಅಷ್ಟು ದೂರ ಕುರುಡನು ನಡೆಸಿದಂತೆಯೇ ಸರಿ. ಕಾರಿನವನ ಸುತ್ತ ಕಬ್ಬಿಣದ ಕೋಟೆಯಿರುವುದು. ಸವಾರನ ಸುತ್ತ ಅವನ ಚರ್ಮವಲ್ಲದೆ ಬೇರೇನೂ ಇಲ್ಲ. ಒಂದೇ ತಪ್ಪಿಗೆ ಒಬ್ಬನು ಕನ್ನಡಿಯನ್ನೂ ಇನ್ನೊಬ್ಬನು ಪ್ರಾಣವನ್ನೂ ತೆರುವನು. ಆದುದರಿಂದ ಕೊಲ್ಲುವ ಶಕ್ತಿ ಯಾರಲ್ಲಿ ಹೆಚ್ಚೋ ಕಾಯುವ ಹೊಣೆಯೂ ಅವರಲ್ಲಿ ಹೆಚ್ಚು. ಕಾರಿನವನು ಲಾರಿಯ ಮುಂದೆ ಈ ದಯೆಯನ್ನು ಬೇಡುವನಾದರೆ ಬೈಕಿನವನಿಗೆ ಅದನ್ನು ನೀಡಲೇಬೇಕು. ಬೈಕಿನವನು ಕಾರಿನಿಂದ ಬೇಡುವನಾದರೆ ತಲೆಯ ಮೇಲೆ ಹುಲ್ಲುಹೊರೆ ಹೊತ್ತು ರಸ್ತೆ ದಾಟುವ ಮುದುಕಿಗೆ ನೀಡಲೇಬೇಕು. ಹಳೆಯ ವಿಧಿಯಲ್ಲಿ ಉಳಿಸಿಕೊಳ್ಳತಕ್ಕ ಭಾಗವು ಇದೇ.

ಕಾರಿನವರು ಇನ್ನೊಂದು ಮಾತನ್ನು ಅರಿತಿರಬೇಕು. ಮೋಟಾರು ಸೈಕಲ್ಲು ಕಿರಿದಾಗಿರುವುದರಿಂದ ಎದುರಿಗೆ ಬರುತ್ತಿರುವಾಗ ಅದು ಇರುವುದಕ್ಕಿಂತ ದೂರದಲ್ಲಿರುವಂತೆಯೂ ನಿಧಾನವಾಗಿ ಬರುತ್ತಿರುವಂತೆಯೂ ಕಣ್ಣಿಗೆ ತೋರುವುದು. ಗಾಜಿನ ಪಕ್ಕದ ಕಂಬದ ಮರೆಯಲ್ಲಿ ಇಡಿಯ ಸವಾರನೇ ಕಾಣದೆ ಹೋಗಬಹುದು. “ನಾನು ನೋಡಲಿಲ್ಲ” ಎಂಬುದು ಎಷ್ಟೋ ವೇಳೆ ನಿಜವಾದ ಮಾತು. ಆದರೆ ತಿರುಗುವ ಮುನ್ನ ಎರಡನೆಯ ಸಲ ನೋಡುವುದು ನಮ್ಮ ಕೈಯಲ್ಲಿದೆಯಲ್ಲವೆ?

ಇನ್ನು ಸವಾರನ ಹೊಣೆ. ಹಿರಿಯ ವಾಹನದವನ ಹೊಣೆ ಹೆಚ್ಚೆಂದ ಮಾತ್ರಕ್ಕೆ ಕಿರಿಯ ವಾಹನದವನಿಗೆ ಸ್ವೇಚ್ಛೆಯಿಲ್ಲ. ಶರಣರು ಈ ಶರೀರವನ್ನು ಹೀನವೆಂದು ತೊರೆದವರಲ್ಲ; ಇದನ್ನು ಶಿವನ ಗುಡಿಯೆಂದು ಕಂಡವರು. ಲಿಂಗವನ್ನು ಎದೆಯ ಮೇಲೆ ಧರಿಸಿದವನು ಆ ಅಂಗವನ್ನು ಅಜಾಗರೂಕತೆಗೆ ಒಪ್ಪಿಸುವುದು ಎಂತಹ ಭಕ್ತಿ? ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ಟಿಲ್ಲದೆ ಸತ್ತವರು 50,029. ಅದರಲ್ಲಿ 14,337 ಮಂದಿ ಹಿಂದೆ ಕುಳಿತವರು. ಈ ಹಿಂದೆ ಕುಳಿತವರು ಯಾರು? ಬಹುಮಟ್ಟಿಗೆ ನಮ್ಮ ತಾಯಂದಿರು, ಮಡದಿಯರು, ಮಕ್ಕಳು. ಹೆಲ್ಮೆಟ್ಟು ಸಾವಿನ ಸಂಭವವನ್ನು ಸುಮಾರು ಶೇಕಡಾ 42ರಷ್ಟು, ತಲೆಯ ಗಾಯದ ಸಂಭವವನ್ನು ಶೇಕಡಾ 69ರಷ್ಟು ತಗ್ಗಿಸುವುದೆಂದು ವೈದ್ಯಶಾಸ್ತ್ರಜ್ಞರು ಲೆಕ್ಕಹಾಕಿರುವರು. ಹಿಂದಿನವರಿಗೂ ಹೆಲ್ಮೆಟ್ಟು ಬೇಕೆಂಬ ನಿಯಮವನ್ನು ಕರ್ನಾಟಕವು 2016ರ ಜನವರಿಯಿಂದ ಜಾರಿಗೆ ತಂದಿತು. ಆದರೂ ಅದು ಕೈಹಿಡಿಯ ಮೇಲೆ ತೂಗುತ್ತಿರುವುದನ್ನೂ ಪೊಲೀಸರು ಕಂಡೊಡನೆ ತಲೆಗೇರುವುದನ್ನೂ ದಿನವೂ ಕಾಣುವೆವು. ಒಬ್ಬ ಹಿರಿಯರು, “ಹಣೆಯ ವಿಭೂತಿ ಅಳಿಸುತ್ತದೆ, ಅದಕ್ಕೇ ಹಾಕುವುದಿಲ್ಲ” ಎಂದು ನನ್ನೊಡನೆ ಹೇಳಿದರು. ಈ ದೇಹವು ಒಂದು ದಿನ ಬೂದಿಯಾಗುವುದೆಂದು ವಿಭೂತಿಯು ನೆನಪಿಸುವುದು ನಿಜ. ಆ ದಿನವನ್ನು ಅವಸರಪಡಿಸೆಂದು ಅದು ಹೇಳುವುದಿಲ್ಲ. ಅಳಿಸಿದ ವಿಭೂತಿಯನ್ನು ಮತ್ತೆ ಧರಿಸಬಹುದು.

ಇಲ್ಲಿ ಒಬ್ಬ ವಾಚಕರು ಕೇಳಬಹುದು: “ನಾನು ಎಲ್ಲ ನಿಯಮಗಳನ್ನೂ ಪಾಲಿಸುವೆನು. ಎದುರಿನವನು ಪಾಲಿಸುವುದಿಲ್ಲ. ಕೊನೆಗೆ ಸೋಲುವವನು ನಾನೇ ಅಲ್ಲವೆ?” ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಇದಕ್ಕೆ ಆಯ್ದಕ್ಕಿ ಲಕ್ಕಮ್ಮನವರ ಕಥೆಯಲ್ಲಿ ಉತ್ತರವಿದೆ. ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಸ್ವೀಕರಿಸದೆ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು. ಬೇರೆಯವರು ಎಷ್ಟು ಬಾಚಿಕೊಂಡರು ಎಂದು ಆ ತಾಯಿ ಕೇಳಲಿಲ್ಲ. ನಮ್ಮ ಪಾಲೆಷ್ಟು ಎಂದು ಮಾತ್ರ ಕೇಳಿದರು. ರಸ್ತೆಯೂ ಅಂತಹ ಅಂಗಳವೇ. ಅದು ಎಲ್ಲರ ತೆರಿಗೆಯಿಂದ ಆದುದು, ಯಾರೊಬ್ಬರ ಸ್ವತ್ತೂ ಅಲ್ಲ. ಅಗತ್ಯಕ್ಕಿಂತ ಹೆಚ್ಚಿನ ವೇಗವೂ ಹೆಚ್ಚಿನ ಜಾಗವೂ ಹೆಚ್ಚಾಗಿ ಆಯ್ದ ಅಕ್ಕಿಯೇ. ಎದುರಿನವನು ಹೆಚ್ಚು ಆಯ್ದನೆಂದು ನಾನೂ ಆಯ್ದರೆ ಅಂಗಳದಲ್ಲಿ ಉಳಿಯುವುದು ಹೆಣ ಮಾತ್ರ. ಹಾದಿ ಬಿಟ್ಟವನಿಗೆ ಅರ್ಧ ನಿಮಿಷ ನಷ್ಟವಾದೀತು. ಅದನ್ನು ಸೋಲೆಂದು ಎಣಿಸುವುದು ಅಹಂಕಾರವೇ ಹೊರತು ವಿವೇಕವಲ್ಲ.

ಅಪಘಾತವಾದ ಮೇಲೆ ನೋಡುತ್ತ ನಿಂತ ನಮ್ಮೆಲ್ಲರ ಧರ್ಮವೇನು? ಗಣಾಚಾರವೆಂದರೆ ಅನ್ಯಾಯವನ್ನು ಸಹಿಸದಿರುವುದು. ಇದನ್ನು ಗುಂಪುಗೂಡಿ ಚಾಲಕನನ್ನು ಥಳಿಸುವುದೆಂದು ತಿಳಿದವರುಂಟು. ಅದರ ಫಲವನ್ನು ನೋಡಿರಿ. ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಕರ್ತವ್ಯವೆಂದು 1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮು ವಿಧಿಸುವುದು; ಗುಂಪಿನ ರೋಷದಿಂದಲೋ ಅವನ ಹತೋಟಿ ಮೀರಿದ ಬೇರೆ ಕಾರಣದಿಂದಲೋ ಅದು ಅಸಾಧ್ಯವಾದಾಗ ಮಾತ್ರ ವಿನಾಯಿತಿ ಕೊಡುವುದು. ಎಂದರೆ ನಮ್ಮ ರೋಷವು ಕಾನೂನಿನ ಪುಸ್ತಕದಲ್ಲಿಯೇ ಸ್ಥಾನ ಪಡೆದಿರುವುದು! ನಾವು ಎತ್ತಿದ ಕೈಗೆ ಹೆದರಿ ಚಾಲಕನು ಓಡುವನು. ಗಾಯಾಳುವನ್ನು ಕೂಡಲೆ ಆಸ್ಪತ್ರೆಗೆ ಒಯ್ಯಬಹುದಾಗಿದ್ದ ಗಾಡಿಯೂ ಅವನೊಡನೆ ಹೋಗುವುದು. ಇದು ಗಣಾಚಾರವಲ್ಲ. ಇನ್ನು ಸಹಾಯ ಮಾಡಿದರೆ ಪೊಲೀಸು, ಕೋರ್ಟು ಎಂದು ಅಂಜುವವರುಂಟು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಪರೋಪಕಾರಿಗಳ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೇ ಆ ರಕ್ಷಣೆ ಸೇರಿತು. ಸದ್ಭಾವದಿಂದ ನೆರವಾದವನು ತನ್ನ ಹೆಸರನ್ನು ಹೇಳಲೇಬೇಕೆಂದು ಸಹ ಇಲ್ಲ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ತನ್ನ ಊರಿನಿಂದ ಮೋಟಾರು ಸೈಕಲ್ಲಿನಲ್ಲಿ ಹಿಂತಿರುಗುತ್ತಿದ್ದ ಹರೀಶ್ ಎಂಬ ಯುವಕನ ಮೇಲೆ ಲಾರಿ ಹರಿದು ದೇಹವು ಎರಡು ತುಂಡಾಯಿತು. ಪ್ರಾಣ ಹೋಗುವ ಆ ಗಳಿಗೆಯಲ್ಲಿ ಅವನು ಕೇಳಿಕೊಂಡದ್ದು ತನ್ನ ಅಂಗಗಳನ್ನು ದಾನ ಮಾಡಿರೆಂದು. ಅಪಘಾತಕ್ಕೊಳಗಾದವರಿಗೆ ಮೊದಲ 48 ಗಂಟೆಗಳ ಕಾಲ ಚಿಕಿತ್ಸೆ ನೀಡಲು ಸರ್ಕಾರವು ಅದೇ ವರ್ಷ ತಂದ ಸಾಂತ್ವನ ಯೋಜನೆಗೆ ಅವನ ಹೆಸರನ್ನೇ ಇಟ್ಟಿತು. ತಪ್ಪು ಯಾರದೆಂದು ವಾದಿಸಲು ಅವನಿಗೆ ಎಲ್ಲರಿಗಿಂತ ಹೆಚ್ಚಿನ ಹಕ್ಕಿತ್ತು. ಉಳಿದ ಅಲ್ಪ ಕಾಲವನ್ನು ಅವನು ವಾದಕ್ಕೆ ಕೊಡಲಿಲ್ಲ, ದಾಸೋಹಕ್ಕೆ ಕೊಟ್ಟನು.

ನ್ಯಾಯವು ಬೇಡವೆಂದು ನಾನು ಹೇಳುತ್ತಿಲ್ಲ. ತಪ್ಪಿತಸ್ಥನು ಯಾರೆಂದು ಗೊತ್ತುಮಾಡುವುದಕ್ಕೆ ಪೊಲೀಸರೂ ನ್ಯಾಯಸ್ಥಾನಗಳೂ ಇರುವುವು. ಅವಕ್ಕೆ ಕಾಲಾವಕಾಶವೂ ಉಂಟು. ರಕ್ತಕ್ಕೆ ಮಾತ್ರ ಕಾಲಾವಕಾಶವಿಲ್ಲ. ನ್ಯಾಯಕ್ಕಿಂತ ಮೊದಲು ದಯೆ ಬರಬೇಕು. ದಯೆಗಿಂತ ಮೊದಲು, ಗಾಡಿಯನ್ನು ಹೊರಡಿಸುವ ಮೊದಲೇ, ವಿನಯ ಬರಬೇಕು. ಅಂದಿನ ಆ ಇಬ್ಬರು ಶಿಷ್ಯರಿಗೆ ನಾನು ಹೇಳಬೇಕಾಗಿದ್ದ ನ್ಯಾಯವು ಇದೇ. ಹೇಳುವ ಯೋಗ್ಯತೆ ಮಾತ್ರ ಆಗ ನನಗಿರಲಿಲ್ಲ. ಅದನ್ನು ಆಡಿ ತೋರಿಸದೆ ಮಾಡಿ ತೋರಿಸಿದವಳು ಹೂವಿನವಳು. ಅವಳು ಈಗಲೂ ಅದೇ ರಸ್ತೆಯ ಬದಿಯಲ್ಲಿ ಹೂ ಕಟ್ಟುತ್ತಿರುವಳು. ಅವಳ ಮುಂದೆ ಹಾದುಹೋಗುವಾಗಲೆಲ್ಲ ವೇಗವನ್ನು ತಗ್ಗಿಸುವಷ್ಟು ಅರಿವನ್ನಾದರೂ ನಮ್ಮೆಲ್ಲರಿಗೂ ಪರಶಿವನು ಕರುಣಿಸಲಿ.