ಕಷ್ಟದ ಪಾಲು ಯಾರಿಗೆ?

2019ರ ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಶ್ರೀಲಂಕಾದ ಜನ ಗೊಟಬಯ ರಾಜಪಕ್ಸರನ್ನು ಶೇ. 52ರಷ್ಟು ಮತ ಕೊಟ್ಟು ಗೆಲ್ಲಿಸಿದರು. ತೆರಿಗೆ ಇಳಿಸುವುದಾಗಿ ಅವರು ಮಾತು ಕೊಟ್ಟಿದ್ದರು. ಗೆದ್ದ ಕೆಲವೇ ದಿನಗಳಲ್ಲಿ ವ್ಯಾಟ್ ಶೇ. 15ರಿಂದ 8ಕ್ಕೆ ಇಳಿಯಿತು. ಬೊಕ್ಕಸದ ಆದಾಯ ಕುಸಿಯಿತು. ಕೋವಿಡ್ ಬಂದು ಪ್ರವಾಸೋದ್ಯಮ ನೆಲಕಚ್ಚಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿದ್ದರಿಂದ ಭತ್ತದ ಇಳುವರಿಯೂ ಬಿತ್ತು. 2022ರ ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ಜುಲೈನಲ್ಲಿ ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು, ಅಧ್ಯಕ್ಷರು ದೇಶ ಬಿಟ್ಟು ಹೋದರು.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ತೆರಿಗೆ ಕಡಿತ. ಅದು ಮುರಿದ ಭರವಸೆಯಲ್ಲ, ನಡೆಸಿಕೊಟ್ಟ ಭರವಸೆ. ಹಾಗಿದ್ದರೆ ಹೊಸ ನಾಯಕನನ್ನು ಯಾವುದರಿಂದ ಅಳೆಯಬೇಕು? ಆಡಿದ್ದನ್ನು ಮಾಡಿದನೇ ಎಂಬ ಪ್ರಶ್ನೆಯೊಂದೇ ಸಾಲದು ಎನ್ನುವುದಕ್ಕೆ ಗ್ಯಾಸ್ ಸಿಲಿಂಡರಿಗಾಗಿ, ಪೆಟ್ರೋಲಿಗಾಗಿ ದಿನಗಟ್ಟಲೆ ಸಾಲು ನಿಂತ ಆ ದೇಶದ ಜನರೇ ಸಾಕ್ಷಿ.

2024ರ ಸೆಪ್ಟೆಂಬರಿನಲ್ಲಿ ಅದೇ ಜನ ಅನುರ ಕುಮಾರ ದಿಸ್ಸನಾಯಕೆಯವರನ್ನು ಆರಿಸಿದರು. ಐದು ವರ್ಷದ ಹಿಂದೆ ಶೇ. 3ರಷ್ಟು ಮತ ಪಡೆದಿದ್ದವರು ಈಗ ಅಧ್ಯಕ್ಷರು. 1971ರಲ್ಲೂ 1980ರ ದಶಕದ ಕೊನೆಯಲ್ಲೂ ಪ್ರಭುತ್ವದ ವಿರುದ್ಧ ಬಂಡೆದ್ದಿದ್ದ ಜೆವಿಪಿ ಅವರ ಪಕ್ಷ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಜತೆಗಿನ ಸಾಲದ ಒಪ್ಪಂದದ ಷರತ್ತುಗಳನ್ನು ಮತ್ತೆ ಚರ್ಚಿಸುತ್ತೇವೆ ಎಂದು ಪ್ರಚಾರದಲ್ಲಿ ಹೇಳಿದ್ದರು. ಅಧಿಕಾರಕ್ಕೆ ಬಂದ ಮೇಲೆ ಹಿಂದಿನವರು ಮಾಡಿಕೊಂಡಿದ್ದ ಸುಮಾರು 300 ಕೋಟಿ ಡಾಲರ್‌ಗಳ ಆ ಒಪ್ಪಂದವನ್ನು ಬಹುಮಟ್ಟಿಗೆ ಹಾಗೆಯೇ ಮುಂದುವರಿಸಿದರು. ಇದು ದ್ರೋಹವೇ?

ಮುಂದುವರಿಸಿದ್ದಷ್ಟೇ ದ್ರೋಹವಾಗದು ಎಂದು ನನ್ನ ನಂಬಿಕೆ. ದಿವಾಳಿಯೆದ್ದ ದೇಶಕ್ಕೆ ಇಂಧನ, ಔಷಧಿ ತರಿಸಲು ಡಾಲರ್ ಬೇಕೇ ಬೇಕು. ನಾಯಕ ಬದಲಾದ ಮಾತ್ರಕ್ಕೆ ಸಾಲ ಬದಲಾಗುವುದಿಲ್ಲ. ಕಷ್ಟವೇ ಇರದಂತೆ ಮಾಡೆಂದು ಕೇಳಿದರೆ ಸುಳ್ಳು ಹೇಳುವವನೇ ಮತ್ತೆ ಗೆಲ್ಲುತ್ತಾನೆ. ಆದರೆ ಕಷ್ಟವನ್ನು ಯಾರಿಗೆ ಎಷ್ಟು ಹಂಚಿದೆ, ಯಾಕೆ ಹಾಗೆ ಹಂಚಿದೆ ಎಂದು ಕೇಳುವುದು ಜನರ ಹಕ್ಕು. ಸಾಲ ಎಷ್ಟೆಂಬುದು ನಾಯಕನ ಕೈಯಲ್ಲಿಲ್ಲದಿರಬಹುದು. ಅದರ ಹಂಚಿಕೆಯಲ್ಲಿ ಆತನಿಗೆ ಆಯ್ಕೆ ಇದ್ದೇ ಇದೆ.

2023ರಲ್ಲಿ, ಗೊಟಬಯರ ನಂತರ ಅಧ್ಯಕ್ಷರಾದ ರನಿಲ್ ವಿಕ್ರಮಸಿಂಘೆಯವರ ಸರ್ಕಾರ ದೇಶದೊಳಗಿನ ಸಾಲವನ್ನು ಮರುಹೊಂದಿಸಿದಾಗ ಬ್ಯಾಂಕುಗಳ ಬಾಂಡುಗಳನ್ನು ಮುಟ್ಟಲಿಲ್ಲ. ಹೊರೆ ಮುಖ್ಯವಾಗಿ ಕಾರ್ಮಿಕರ ಭವಿಷ್ಯ ನಿಧಿಯ ಮೇಲೆ ಬಿತ್ತು. ಬ್ಯಾಂಕು ಕುಸಿದರೆ ಎಲ್ಲರೂ ಕುಸಿಯುತ್ತಾರೆ ಎಂಬ ವಾದದಲ್ಲಿ ಹುರುಳಿದೆ. ಆದರೂ ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಗಳ ಮುಪ್ಪಿನ ಉಳಿತಾಯವೇ ಆ ಬೆಲೆ ತೆರಬೇಕೆಂದು ಅದರಿಂದ ಸಿದ್ಧವಾಗುವುದಿಲ್ಲ. 2024ರ ಜನವರಿಯಲ್ಲಿ ವ್ಯಾಟ್ ಶೇ. 18ಕ್ಕೆ ಏರಿತು. ಅಂಗಡಿಯ ಸಾಮಾನಿನ ಮೇಲಿನ ತೆರಿಗೆ ಬಡವರ ದುಡಿಮೆಯಲ್ಲಿ ದೊಡ್ಡ ಪಾಲನ್ನೇ ಕಚ್ಚುತ್ತದೆ.

2024ರ ನವೆಂಬರಿನಲ್ಲಿ ದಿಸ್ಸನಾಯಕೆಯವರ ಮೈತ್ರಿಕೂಟಕ್ಕೆ ಸಂಸತ್ತಿನ 225 ಸ್ಥಾನಗಳಲ್ಲಿ 159 ಸಿಕ್ಕವು. ಬಹುಮತವಿಲ್ಲ ಎಂಬ ನೆಪಕ್ಕೆ ಇನ್ನು ಎಡೆಯಿಲ್ಲ. ಐಎಂಎಫ್ ಜತೆ ಅವರು ಎಷ್ಟು ಜಗಳವಾಡಿದರು ಎಂಬುದಕ್ಕಿಂತ, ಆ ಭವಿಷ್ಯ ನಿಧಿಯ ನಷ್ಟವನ್ನು ಹೇಗೆ ತುಂಬಿಕೊಡುತ್ತಾರೆ, ಸಿರಿವಂತರ ಆಸ್ತಿಯಿಂದ ಎಷ್ಟು ತೆರಿಗೆ ಎತ್ತುತ್ತಾರೆ ಎಂಬ ಲೆಕ್ಕವನ್ನೇ ಶ್ರೀಲಂಕಾದ ಮತದಾರರು ಪ್ರತಿ ಬಜೆಟ್ಟಿನಲ್ಲೂ ಕೇಳಬೇಕಾಗಿದೆ.