ಪರೀಕ್ಷಕನು ಮೊದಲೇ ಹೇಳಬೇಕಾದ ಮಾತು

ಬಳ್ಳಾರಿಯ ಕೋಟೆಯ ವಿಷಯವಾಗಿ ಒಂದು ಜನಶ್ರುತಿಯುಂಟು. ಹೈದರಾಲಿಯು ಕೋಟೆಯನ್ನು ವಶಪಡಿಸಿಕೊಂಡ ಮೇಲೆ ಅದನ್ನು ಬಲಪಡಿಸುವ ಕೆಲಸವನ್ನು ಒಬ್ಬ ಫ್ರೆಂಚ್ ಇಂಜಿನಿಯರನಿಗೆ ಒಪ್ಪಿಸಿದನಂತೆ. ಕೆಲಸವೆಲ್ಲ ಮುಗಿದ ತರುವಾಯ, ಎದುರಿನ ಕುಂಬಾರ ಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವಾದುದೆಂದು ಕಂಡುಬಂದು, ಆ ಇಂಜಿನಿಯರನನ್ನು ಗಲ್ಲಿಗೇರಿಸಿದರಂತೆ. ಕಥೆಯ ಸತ್ಯಾಸತ್ಯವು ಹೇಗಾದರೂ ಇರಲಿ. ಕೇಳುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಅವನಿಗೆ ಅದು ತಿಳಿದಿರಲಿಲ್ಲವೆ, ಅಥವಾ ತಿಳಿದೂ ಹೇಳಲಿಲ್ಲವೆ? ಮೊದಲ ಕಲ್ಲನ್ನು ಇಡುವ ಮುನ್ನ ಆ ಮಾತು ಹೊರಬಿದ್ದಿದ್ದರೆ ಎದುರು ಗುಡ್ಡದ ಮೇಲೆಯೂ ಒಂದು ಬುರುಜನ್ನು ಕಟ್ಟಬಹುದಾಗಿತ್ತು. ಗೋಡೆಗಳು ಎದ್ದು ನಿಂತ ಮೇಲೆ ಉಳಿದದ್ದು ನೇಣಿನ ಹಗ್ಗವೊಂದೇ.

ಈ ಕಥೆಯನ್ನು ನೆನಪಿಗೆ ತರುವಂತಹ ಸಂಗತಿಯೊಂದು ಅಮೆರಿಕಾ ಖಂಡದ ಕ್ಯಾಲಿಫೋರ್ನಿಯಾದಲ್ಲಿ ನಡೆದಿದೆ. ಅಲ್ಲಿ ವಕೀಲರ ಸನ್ನದಿಗಾಗಿ 2025ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ ಪರೀಕ್ಷೆಯಾಯಿತು. ಕಂಪ್ಯೂಟರುಗಳು ನಡುವೆಯೇ ಕೈಕೊಟ್ಟು ಅನೇಕರು ಪಟ್ಟ ಪಾಡು ಬೇರೆಯ ಮಾತು. ಅಂಕಗಳಿಗೆ ಗಣಿಸಿದ 171 ಬಹುಆಯ್ಕೆಯ ಪ್ರಶ್ನೆಗಳಲ್ಲಿ 23 ಪ್ರಶ್ನೆಗಳು ಕೃತಕ ಬುದ್ಧಿಮತ್ತೆಯ ಸಹಾಯದಿಂದ ರಚಿತವಾದವೆಂಬುದನ್ನು ಪರೀಕ್ಷೆ ನಡೆಸಿದ ಸ್ಟೇಟ್ ಬಾರ್ ಎಂಬ ಸಂಸ್ಥೆಯು ಏಪ್ರಿಲ್ 21ರಂದು ಪ್ರಕಟಪಡಿಸಿತು. ಪ್ರಶ್ನೆಗಳನ್ನು ತಜ್ಞರು ನೋಡಿದ್ದಾರೆಂದು ಸಮಾಧಾನವನ್ನೂ ಹೇಳಿತು. ಆದರೆ ಉತ್ತರಗಳನ್ನು ಬರೆದು ಆಗಲೇ ಎರಡು ತಿಂಗಳಾಗುತ್ತ ಬಂದಿತ್ತು. ಪರೀಕ್ಷಾರ್ಥಿಗಳ ಮಾತು ಹಾಗಿರಲಿ, ಇಡೀ ವ್ಯವಸ್ಥೆಗೆ ಮೇಲಧಿಕಾರಿಯಾದ ಅಲ್ಲಿಯ ಸರ್ವೋಚ್ಚ ನ್ಯಾಯಾಲಯಕ್ಕೂ ಈ ಸಂಗತಿ ಮೊದಲು ತಿಳಿದಿರಲಿಲ್ಲ. ಯಂತ್ರದ ನೆರವಿನಿಂದ ಪ್ರಶ್ನೆಗಳನ್ನು ಒದಗಿಸಿದ ಸಂಸ್ಥೆಯಾದರೋ, ಪ್ರಶ್ನೆಗಳ ಗುಣವನ್ನು ತೂಗಿ ಹೇಳಲು ನೇಮಕವಾಗಿದ್ದ ಸಂಸ್ಥೆಯೇ! ತೂಗುವವನೇ ಸರಕನ್ನೂ ತಂದು ಸುರಿದಂತಾಯಿತು.

ದೂರದ ಸುದ್ದಿಯೆಂದು ವಾಚಕರು ಇದನ್ನು ಬದಿಗಿಡುವಂತಿಲ್ಲ. ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ 2024ನೆಯ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದವು ದೋಷಭೂಯಿಷ್ಠವಾಗಿತ್ತೆಂದು ದೊಡ್ಡ ಗದ್ದಲವೆದ್ದು, ಡಿಸೆಂಬರ್ 29ರಂದು ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕಾಯಿತು. ಆಗಲೂ ಅದೇ ಬಗೆಯ ದೂರುಗಳು ಬಂದವು. ಇದು ಸನ್ನದಿನ ಪರೀಕ್ಷೆಯಲ್ಲ, ಉದ್ಯೋಗದ ಪರೀಕ್ಷೆ. ಆದರೂ ನ್ಯಾಯ ಒಂದೇ. ಯಂತ್ರದಿಂದ ಅನುವಾದ ಮಾಡಿಸಿರಬೇಕೆಂಬ ಶಂಕೆಯು ಪರೀಕ್ಷಾರ್ಥಿಗಳಲ್ಲಿ ಹಬ್ಬಿತು. ಆ ಶಂಕೆ ನಿಜವೋ ಸುಳ್ಳೋ ಎಂಬುದು ಪ್ರಕೃತ ವಿಚಾರವಲ್ಲ. ಅನುವಾದವನ್ನು ಯಾರು, ಯಾವ ಸಾಧನದಿಂದ ಮಾಡಿದರು, ಯಾರು ತಿದ್ದಿದರು ಎಂಬುದನ್ನು ಹೇಳತಕ್ಕ ಪದ್ಧತಿಯಿದ್ದಿದ್ದರೆ ಶಂಕೆಗೆ ಎಡೆಯೇ ಇರುತ್ತಿರಲಿಲ್ಲ. ಸಿರುಗುಪ್ಪದ ಬಡ ಮನೆಯೊಂದರಲ್ಲಿ ಕನ್ನಡದಲ್ಲಿಯೇ ಓದಿದ ಹುಡುಗನು ಅರ್ಥವಾಗದ ವಾಕ್ಯವನ್ನು ಎದುರಿಟ್ಟುಕೊಂಡು, ತಪ್ಪು ತನ್ನ ಬುದ್ಧಿಯದೋ ಪ್ರಶ್ನೆಯದೋ ಎಂದು ನಿಮಿಷಗಳನ್ನು ಕಳೆದುಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಓದಿದವನಿಗೆ ಆ ನಿಮಿಷಗಳು ಉಳಿಯುತ್ತವೆ.

ಇಲ್ಲಿ ಬುದ್ಧಿವಂತರು ಒಂದು ಆಕ್ಷೇಪವನ್ನು ತರುತ್ತಾರೆ. ಪ್ರಶ್ನೆಯು ನಿರ್ದುಷ್ಟವಾಗಿದ್ದರೆ ಅದನ್ನು ಮನುಷ್ಯನು ರಚಿಸಿದರೇನು, ಯಂತ್ರವು ರಚಿಸಿದರೇನು? ಲೆಕ್ಕವು ಸರಿಯಿದ್ದರೆ ಬಳಪವನ್ನು ಹಿಡಿದ ಕೈ ಯಾವುದೆಂದು ಕೇಳುವುದುಂಟೆ?

ಆಕ್ಷೇಪವು ಹಗುರವಾದುದಲ್ಲ. ನ್ಯಾಯಶಾಸ್ತ್ರವೂ ಒಂದು ದೃಷ್ಟಿಯಿಂದ ಇದಕ್ಕೆ ಅನುಕೂಲವಾಗಿಯೇ ಇದೆ. ಯಾರ ಮಾತನ್ನು ಪ್ರಮಾಣವೆಂದು ಕೊಳ್ಳಬೇಕೆಂಬುದನ್ನು ವಿಚಾರಿಸುವಾಗ ವಾತ್ಸ್ಯಾಯನರು, ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ ಆಪ್ತನ ಲಕ್ಷಣವು ಎಲ್ಲರಿಗೂ ಸಮಾನವೆಂದು ತಮ್ಮ ಭಾಷ್ಯದಲ್ಲಿ ಹೇಳಿದ್ದಾರೆ. ಹುಟ್ಟನ್ನು ನೋಡಿ ಮಾತನ್ನು ತಳ್ಳುವಂತಿಲ್ಲ. ಆದುದರಿಂದ ಯಂತ್ರದ್ದೆಂಬ ಮಾತ್ರಕ್ಕೆ ಪ್ರಶ್ನೆಯನ್ನು ಹೀಗಳೆಯುವುದು ಶಾಸ್ತ್ರಸಮ್ಮತವಲ್ಲ. ಆದರೆ ಅದೇ ಭಾಷ್ಯವು ಆಪ್ತನಿಗೆ ಎರಡು ಲಕ್ಷಣಗಳನ್ನು ಕೊಡುತ್ತದೆ: ಅವನು ವಿಷಯವನ್ನು ಸಾಕ್ಷಾತ್ತಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನಾಗಿರಬೇಕು. ಯಂತ್ರವು ಕೋಟ್ಯಂತರ ವಾಕ್ಯಗಳಲ್ಲಿ ಯಾವ ಪದದ ಹಿಂದೆ ಯಾವ ಪದ ಬರುವುದೆಂಬ ರೂಢಿಯನ್ನು ಹಿಡಿದು ವಾಕ್ಯವನ್ನು ಹೆಣೆಯುತ್ತದೆ. ಇಲ್ಲದ ತೀರ್ಪನ್ನೂ ಇದ್ದಂತೆ, ಸ್ವರವನ್ನು ಸ್ವಲ್ಪವೂ ಬದಲಿಸದೆ ನುಡಿಯಬಲ್ಲದು. ಎರಡನೆಯ ಲಕ್ಷಣವನ್ನು ಅದರಲ್ಲಿ ಹುಡುಕುವುದು ಕಲ್ಲಿನ ಬಸವನಿಗೆ ಹುಲ್ಲು ಹಾಕಿದಂತೆ. ಹೀಗಿರಲು, ಆ ಪ್ರಶ್ನೆಗೆ ಆಪ್ತತ್ವವು ಬರಬೇಕಾದುದು ಅದನ್ನು ಓದಿ, ಪರೀಕ್ಷಿಸಿ, ಇದು ನನ್ನದೆಂದು ಹೊಣೆ ಹೊತ್ತ ಮನುಷ್ಯನಿಂದ. ಅಂತಹ ಮನುಷ್ಯನೊಬ್ಬನು ಇದ್ದಾನೆಯೆ ಎಂದು ಕೇಳುವ ಹಕ್ಕು ಪರೀಕ್ಷಾರ್ಥಿಗಿದೆ. ಯಂತ್ರದ ಬಳಕೆಯನ್ನು ಮುಚ್ಚಿಟ್ಟರೆ ಆ ಪ್ರಶ್ನೆಯನ್ನು ಕೇಳುವ ಅವಕಾಶವೇ ಅವನಿಗೆ ತಪ್ಪುತ್ತದೆ.

ಸಿರುಗುಪ್ಪದ ಅಕ್ಕಿಯ ವ್ಯಾಪಾರವನ್ನು ಕಂಡವರಿಗೆ ಇದು ಬೇಗನೆ ತಿಳಿದೀತು. ಹಳೆಯ ಅಕ್ಕಿಗೆ ಹೊಸ ಅಕ್ಕಿಯನ್ನು ಬೆರೆಸುವುದು ಅಪರಾಧವಲ್ಲ. ಹೊಸ ಅಕ್ಕಿ ವಿಷವೂ ಅಲ್ಲ. ಬೆರಕೆಯೆಂದು ಹೇಳಿ ಮಾರಿದರೆ ಕೊಳ್ಳುವವಳು ನೀರಿನ ಅಳತೆಯನ್ನು ಕಡಮೆ ಮಾಡಿಕೊಳ್ಳುತ್ತಾಳೆ. ಹೇಳದೆ ಮಾರಿದರೆ ಮದುವೆಯ ಮನೆಯಲ್ಲಿ ಅನ್ನವು ಮುದ್ದೆಯಾಗಿ ಅಡಿಗೆಯವನಿಗೆ ಕೆಟ್ಟ ಹೆಸರು. ಮರುದಿನ ಅಂಗಡಿಯವನು ಬಂದು ಹೇಳಿದರೆ ಆಗುವ ಪ್ರಯೋಜನವಾದರೂ ಏನು? ಕ್ಯಾಲಿಫೋರ್ನಿಯಾದ ಪ್ರಕಟಣೆಯು ಮರುದಿನದ ಮಾತಾಯಿತು. ಅದನ್ನು ಸತ್ಯವೆನ್ನಬಹುದು, ಪ್ರಾಮಾಣಿಕತೆಯೆನ್ನುವುದು ಕಷ್ಟ.

ಪರೀಕ್ಷಾರ್ಥಿಗೆ ಯಂತ್ರದ ನೆರವು ನಿಷಿದ್ಧವೆಂಬುದೂ ಇಲ್ಲಿ ಗಮನಿಸತಕ್ಕದ್ದು. ದೂರವಾಣಿಯನ್ನು ಹೊರಗಿಡಿಸಿ, ಜೇಬನ್ನು ತಡಕಿ, ಅವನನ್ನು ಒಳಗೆ ಬಿಡುತ್ತಾರೆ. ಇದು ಯುಕ್ತವೇ, ಪರೀಕ್ಷಿಸಬೇಕಾದುದು ಅವನ ಬುದ್ಧಿಯನ್ನಲ್ಲವೆ? ಪರೀಕ್ಷಕನಿಗೆ ಅದೇ ನಿಷೇಧವನ್ನು ಹೇರಬೇಕೆಂದಲ್ಲ. ಅವನ ಸಾಮರ್ಥ್ಯವನ್ನು ಯಾರೂ ಅಳೆಯುತ್ತಿಲ್ಲ. ಆದರೆ ಒಬ್ಬನಿಂದ ಇಷ್ಟು ಕಟ್ಟುನಿಟ್ಟಾದ ಸತ್ಯವನ್ನು ಕೇಳುವವನು ತನ್ನ ಪಾಲಿನ ಒಂದು ವಾಕ್ಯವನ್ನು ಹೇಳಲು ಹಿಂಜರಿಯುವುದು ಚೆನ್ನಲ್ಲ.

ಇನ್ನು ಮೂರನೆಯವನೊಬ್ಬನುಂಟು. ಅವನು ಪರೀಕ್ಷೆಯ ಕೊಠಡಿಗೆ ಬರುವುದೇ ಇಲ್ಲ. ಕುರುಗೋಡಿನ ರೈತನೊಬ್ಬನು ಹೊಲದ ವ್ಯಾಜ್ಯಕ್ಕಾಗಿ ಬಳ್ಳಾರಿಯ ನ್ಯಾಯಾಲಯಕ್ಕೆ ಬಂದು ತರುಣ ವಕೀಲನೊಬ್ಬನಿಗೆ ಕಾಗದಪತ್ರಗಳನ್ನು ಒಪ್ಪಿಸುತ್ತಾನೆ. ವಕೀಲನ ವಿದ್ಯೆಯನ್ನು ಅಳೆಯುವ ಶಕ್ತಿ ಅವನಿಗಿಲ್ಲ. ತನ್ನ ಪರವಾಗಿ ಬೇರೆಯವರು ಅಳೆದಿದ್ದಾರೆಂದು ನಂಬುತ್ತಾನೆ. ನಮ್ಮ ದೇಶದಲ್ಲಿ 2011ರಿಂದ ನಡೆಯುತ್ತಿರುವ ಅಖಿಲ ಭಾರತ ಬಾರ್ ಪರೀಕ್ಷೆಯ 100 ಪ್ರಶ್ನೆಗಳ ಹಿಂದೆ ಇರುವುದು ಈ ನಂಬಿಕೆಯೇ. ಆ ಪರೀಕ್ಷೆಯನ್ನು ನಡೆಸುವ ಅಧಿಕಾರವು ವಕೀಲರ ಪರಿಷತ್ತಿಗೆ ಇದೆಯೆಂದು ಸುಪ್ರೀಂ ಕೋರ್ಟಿನ ಸಂವಿಧಾನಪೀಠವು 2023ನೆಯ ಫೆಬ್ರುವರಿ 10ರಂದು ತೀರ್ಮಾನಿಸಿತು. ಅಳತೆಗೋಲು ಎಲ್ಲಿಂದ ಬಂದಿತೆಂದು ರೈತನು ಎಂದೂ ಕೇಳಲಾರನು. ಅವನು ಕೇಳಲಾರನೆಂಬ ಕಾರಣದಿಂದಲೇ ಅದನ್ನು ಕೇಳದೆಯೇ ಹೇಳಬೇಕಾಗಿದೆ.

ಹೀಗೆ ಬಹಿರಂಗಪಡಿಸಿದರೆ ನಪಾಸಾದವರೆಲ್ಲ ವ್ಯಾಜ್ಯ ಹೂಡುವರೆಂಬ ಭಯವನ್ನು ಕೆಲವರು ಮುಂದೊಡ್ಡುತ್ತಾರೆ. ಭಯವು ನಿಜವಾಗಿರಬಹುದು; ಮುಚ್ಚಿಟ್ಟು ಬಯಲಾದಾಗ ಹೂಡುವ ವ್ಯಾಜ್ಯಗಳು ಅದಕ್ಕಿಂತ ಕಡಮೆಯಾಗಲಾರವು. ಹೇಳಬೇಕಾದುದೂ ಬಹಳವಿಲ್ಲ. ಪ್ರಶ್ನೆಗಳನ್ನು ಮುಂಚಿತವಾಗಿ ಬಿಚ್ಚಿಡಬೇಕಾಗಿಲ್ಲ. ಯಂತ್ರದ ಸಹಾಯವನ್ನು ಎಷ್ಟು ಪ್ರಶ್ನೆಗಳಿಗೆ, ಯಾವ ಹಂತದಲ್ಲಿ ಪಡೆಯಲಾಯಿತು, ವಿಷಯವನ್ನು ಬಲ್ಲ ಎಷ್ಟು ಮಂದಿ ಅವನ್ನು ಓದಿ ಒಪ್ಪಿದರು ಎಂಬಿಷ್ಟೇ ಸಾಕು. ಪ್ರಶ್ನೆಪತ್ರಿಕೆಯ ಮೊದಲ ಪುಟದಲ್ಲಿ ಪರೀಕ್ಷಾರ್ಥಿಯು ಏನೇನು ಮಾಡತಕ್ಕದ್ದು, ಏನೇನು ಮಾಡತಕ್ಕದ್ದಲ್ಲ ಎಂಬ ಸೂಚನೆಗಳು ಸಾಲುಸಾಲಾಗಿ ಅಚ್ಚಾಗಿರುತ್ತವೆ. ಅವುಗಳ ಕೆಳಗೆ ಈ ಮೂರು ಪಂಕ್ತಿಗಳಿಗೂ ಸ್ಥಳವುಂಟು.