ಚಲ್ಪಹಾದನ ಹೆಣ್ಣುಮಕ್ಕಳೂ ಇಂಗ್ಲೆಂಡಿನ ಸಿಂಹಾಸನವೂ

ಸತ್ಯವೇದ ತೆಗೆಯಿರಿ, ಅರಣ್ಯಕಾಂಡ 27ನೇ ಅಧ್ಯಾಯ. ಮೊಬೈಲ್‌ನಲ್ಲಿ ಓದೋರು ವಾಟ್ಸಾಪ್ ಮುಚ್ಚಿ ಓದಿ.

ಚಲ್ಪಹಾದ ಅನ್ನೋ ಮನುಷ್ಯ ಅರಣ್ಯದಲ್ಲಿ ಸತ್ತುಹೋದ. ಗಂಡುಮಕ್ಕಳಿಲ್ಲ, ಐದು ಜನ ಹೆಣ್ಣುಮಕ್ಕಳು. ಈ ಐವರು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಮೂಹದ ಮುಂದೆ ಬಂದು ನಿಂತು ಅಪ್ಪನ ಪಾಲು ನಮಗೆ ಕೊಡಿ ಅಂತ ಕೇಳಿದರು. ಮೋಶೆ ತಾನಾಗಿ ಉತ್ತರ ಕೊಡಲಿಲ್ಲ, ದೇವರ ಸನ್ನಿಧಿಗೆ ಒಯ್ದ. ದೇವರು ಆ ಹುಡುಗಿಯರ ಪಕ್ಷ ನಿಂತರು. ಮಗನಿಲ್ಲದಿದ್ದರೆ ಸ್ವಾಸ್ತ್ಯ ಮಗಳಿಗೆ ಸಲ್ಲಬೇಕು ಅಂತ ನಿಯಮವೇ ಆಯಿತು. ಐವರ ಹೆಸರೂ ಬೈಬಲ್‌ನಲ್ಲಿದೆ, ಮನೆಗೆ ಹೋಗಿ ಓದಿ.

ಈ ವಾಕ್ಯ ಇಟ್ಟುಕೊಂಡು ಇವತ್ತು ಒಂದು ದೇಶದ ರಾಜಮನೆತನಗಳನ್ನು ನೋಡೋಣ. ಇಂಗ್ಲೆಂಡ್. ಯಾಕೆ ಇಂಗ್ಲೆಂಡ್? ಅಲ್ಲಿ ರಾಜರಿಗೆ ಎಣ್ಣೆಯಿಂದ ಅಭಿಷೇಕ ಮಾಡ್ತಾರೆ. ಅರಣ್ಯಕಾಂಡ ಅವರ ಬೈಬಲ್‌ನಲ್ಲೂ ಇತ್ತು. ನಾರ್ಮನ್, ಪ್ಲಾಂಟಾಜೆನೆಟ್, ಟ್ಯೂಡರ್, ಸ್ಟುವರ್ಟ್, ಹ್ಯಾನೋವರ್, ವಿಂಡ್ಸರ್ ಅಂತ ವಂಶದ ಹೆಸರು ಬದಲಾಗ್ತಾ ಹೋಯಿತು. ಅರಮನೆಯ ಪ್ರಶ್ನೆ ಮಾತ್ರ ಒಂದೇ: ಗಂಡುಮಗ ಎಲ್ಲಿ?

1120ರ ನವೆಂಬರ್. ಒಂದನೇ ಹೆನ್ರಿಯ ಮಗ ವಿಲಿಯಂ, 17 ವರ್ಷದ ಹುಡುಗ, ನಾರ್ಮಂಡಿಯಿಂದ 'ವೈಟ್ ಶಿಪ್' ಹತ್ತಿದ. ರಾತ್ರಿ ಹಡಗು ಬಂಡೆಗೆ ಬಡಿದು ಮುಳುಗಿತು. ವಿವಾಹದ ಹೊರಗೆ ಹೆನ್ರಿಗೆ ಇಪ್ಪತ್ತರ ಹತ್ತಿರ ಮಕ್ಕಳಿದ್ದರು (ಅದು ಬೇರೆಯೇ ಪ್ರಸಂಗ), ಆದರೆ ಪಟ್ಟಕ್ಕೆ ಬರೋ ಮಗ ಅವನೊಬ್ಬನೇ. ಉಳಿದವಳು ಮಗಳು ಮಟಿಲ್ಡಾ. 1127ರಲ್ಲಿ ಅಪ್ಪ ಎಲ್ಲಾ ಪ್ರಭುಗಳಿಂದ ಅವಳ ಹೆಸರಿಗೆ ಆಣೆ ಮಾಡಿಸಿದ. 1135ರ ಡಿಸೆಂಬರ್ 1ಕ್ಕೆ ಅಪ್ಪ ಸತ್ತ, ಅದೇ ತಿಂಗಳು 22ಕ್ಕೆ ಸೋದರಳಿಯ ಸ್ಟೀಫನ್ ಕಿರೀಟ ಹಾಕ್ಕೊಂಡ. ಆಣೆ ಮಾಡಿದವರಲ್ಲಿ ಅವನೂ ಒಬ್ಬ! ತಮಾಷೆ ನೋಡಿ, ಸ್ಟೀಫನ್‌ಗೆ ರಾಜರಕ್ತ ಬಂದಿದ್ದು ಅವನ ತಾಯಿಯಿಂದ. ಹೆಣ್ಣಿನ ಮೂಲಕ ಹಕ್ಕು ಬರಬಹುದು, ಹೆಣ್ಣಿಗೆ ಬರಬಾರದು! ಹತ್ತಿರ ಹತ್ತಿರ 19 ವರ್ಷ ದೇಶ ಹೊಡೆದಾಡಿತು. ಕೊನೆಗೆ ಪಟ್ಟ ಸಿಕ್ಕಿದ್ದು ಮಟಿಲ್ಡಾಳ ಮಗನಿಗೆ. ಅವಳಿಗೆ ಕಿರೀಟಧಾರಣೆ ಆಗಲೇ ಇಲ್ಲ.

ಈಗ ಎಂಟನೇ ಹೆನ್ರಿ. ಈ ಮನುಷ್ಯನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದ್ರೆ ಇವನು ಬೈಬಲ್ ಓದುತ್ತಿದ್ದ.

ಮೊದಲ ಹೆಂಡತಿ ಕ್ಯಾಥರೀನ್, ಸತ್ತುಹೋದ ಅಣ್ಣನ ವಿಧವೆ. 1511ರಲ್ಲಿ ಒಂದು ಗಂಡುಮಗು ಹುಟ್ಟಿತು, 52 ದಿನ ಬದುಕಿತು. ಬದುಕಿ ಉಳಿದದ್ದು 1516ರಲ್ಲಿ ಹುಟ್ಟಿದ ಮೇರಿ ಒಬ್ಬಳೇ. ಹೆನ್ರಿಗೆ ಯಾಜಕಕಾಂಡ 20:21 ಕಣ್ಣಿಗೆ ಬಿತ್ತು. ಸಹೋದರನ ಹೆಂಡತಿಯನ್ನು ಮದುವೆಯಾದವರಿಗೆ ಸಂತಾನವಿಲ್ಲ ಅನ್ನೋ ಮಾತು ಅಲ್ಲಿದೆ. ನೋಡಿ, ನನಗೆ ದೇವರ ಶಾಪ ಇದೆ, ಈ ಮದುವೆ ಮದುವೆಯೇ ಅಲ್ಲ ಅಂದ. ಸಂತಾನವಿಲ್ವಾ? 1527ರಲ್ಲಿ ಈ ಮಾತು ಎದ್ದಾಗ ಮೇರಿಗೆ 11 ವರ್ಷ! ಮಗಳು ಕಣ್ಣೆದುರಿಗೇ ಓಡಾಡ್ತಿದ್ದಾಳೆ, ಅಪ್ಪ ನನಗೆ ಮಕ್ಕಳಿಲ್ಲ ಅಂತ ದೇವರ ವಾಕ್ಯ ತೋರಿಸ್ತಿದ್ದಾನೆ. ಮನಸ್ಸಿನಲ್ಲಿ ಮೊದಲೇ ತೀರ್ಮಾನ ಮಾಡಿಕೊಂಡು ಆಮೇಲೆ ವಚನ ಹುಡುಕೋದು ಅಂದ್ರೆ ಇದೇ. ಅದೇ ಬೈಬಲ್‌ನಲ್ಲಿ ಇನ್ನೊಂದಿಷ್ಟು ಪುಟ ತಿರುಗಿಸಿದ್ದರೆ ಚಲ್ಪಹಾದನ ಹೆಣ್ಣುಮಕ್ಕಳು ಸಿಗ್ತಿದ್ದರು.

ಪೋಪ್ ಒಪ್ಪಲಿಲ್ಲ. ಹೆನ್ರಿ ರೋಮನ್ನೇ ಬಿಟ್ಟು, 1534ರಲ್ಲಿ ಸಭೆಗೆ ತಾನೇ ಮುಖ್ಯಸ್ಥನಾದ. ಅಷ್ಟರಲ್ಲಿ ಆನ್ ಬೊಲಿನ್‌ಳನ್ನು ಮದುವೆಯಾಗಿದ್ದ. 1533ರ ಸೆಪ್ಟೆಂಬರ್ 7ಕ್ಕೆ ಅವಳಿಗೆ ಹೆರಿಗೆ. ರಾಜಕುಮಾರ ಹುಟ್ಟಿದ ಅಂತ ಪತ್ರಗಳನ್ನು ಮೊದಲೇ ಬರೆದಿಟ್ಟಿದ್ದರು. ಹುಟ್ಟಿದ್ದು ಹೆಣ್ಣು. 'ಪ್ರಿನ್ಸ್' ಅನ್ನೋ ಪದದ ಕೊನೆಗೆ ಒಂದು ಅಕ್ಷರ ತುರುಕಿ ಪತ್ರ ಕಳಿಸಿದರು! 1536ರ ಜನವರಿಯಲ್ಲಿ ಆನ್‌ಗೆ ಗರ್ಭಪಾತ. ಮೇ 19ಕ್ಕೆ ಅವಳ ತಲೆ ಹೋಯಿತು. ಹೊರಿಸಿದ ಆರೋಪ ಬೇರೆ, ಆದರೆ ಮಗ ಹುಟ್ಟಿದ್ದರೆ ಅವಳು ಉಳಿಯುತ್ತಿದ್ದಳು ಅನ್ನೋದು ನನ್ನ ಅಭಿಪ್ರಾಯ. ಮಗು ಗಂಡೋ ಹೆಣ್ಣೋ ಅನ್ನೋದು ತಂದೆಯ ಕಡೆಯಿಂದ ತೀರ್ಮಾನ ಆಗೋದು ಅಂತ ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಗೊತ್ತು. ತಲೆ ಕೊಟ್ಟವಳು ಹೆಂಡತಿ.

ಮೂರನೇ ಹೆಂಡತಿ ಜೇನ್ ಮಗನನ್ನು ಹೆತ್ತು 12 ದಿನಕ್ಕೆ ತೀರಿಕೊಂಡಳು. ಆ ಮಗ ಎಡ್ವರ್ಡ್ 9 ವರ್ಷಕ್ಕೆ ರಾಜ, 15ಕ್ಕೆ ಮರಣ. ಆಮೇಲೆ ಮೇರಿ. ಅವಳ ನಂತರ, ಆ ತಿದ್ದಿದ ಪತ್ರದ ಮಗು ಎಲಿಜಬೆತ್ 1558ರಿಂದ 1603ರವರೆಗೆ 44 ವರ್ಷ ಆಳಿದಳು.

ಇನ್ನೊಬ್ಬಳ ಬಗ್ಗೆ ಹೇಳಲೇಬೇಕು. ಸ್ಟುವರ್ಟ್ ವಂಶದ ಆನ್. ಕನಿಷ್ಠ 17 ಸಲ ಗರ್ಭಿಣಿಯಾದಳು. 1687ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸಿಡುಬಿಗೆ ಹೋದರು. ಒಬ್ಬ ಮಗ ಮಾತ್ರ ಸ್ವಲ್ಪ ಬೆಳೆದ. ಅವನೂ 1700ರಲ್ಲಿ, 11ನೇ ಹುಟ್ಟುಹಬ್ಬ ಆಗಿ ಒಂದು ವಾರದೊಳಗೆ ತೀರಿಕೊಂಡ. ಮರುವರ್ಷವೇ ಪಾರ್ಲಿಮೆಂಟ್ ಕಾನೂನು ಮಾಡಿ ಮುಂದಿನ ಹಕ್ಕನ್ನು ಜರ್ಮನಿಯ ಹ್ಯಾನೋವರ್ ಕುಟುಂಬಕ್ಕೆ ಬರೆಯಿತು. ರಾಜ್ಯಕ್ಕೆ ಅದು ಬೇಕಾಗಿತ್ತು, ಒಪ್ಪಿಕೊಳ್ತೀನಿ. ಆದರೆ ಆ ತಾಯಿಯ ಹತ್ತಿರ ಕೂತು ಅತ್ತವರು ಎಷ್ಟು ಜನ? ಇಲ್ಲಿ ಕೂತಿರೋ ಕೆಲವು ತಂಗಿಯರಿಗೆ ಈ ನೋವು ಗೊತ್ತು. ನೀವು ಕಳಕೊಂಡಿದ್ದು ವಾರಸುದಾರನನ್ನಲ್ಲ, ಮಗುವನ್ನು.

ಕಬ್ಬನ್ ಪಾರ್ಕಿನ ಮೂಲೆಯಲ್ಲಿ ವಿಕ್ಟೋರಿಯಾ ಪ್ರತಿಮೆ ನೋಡಿದ್ದೀರಲ್ಲಾ? 1837ರಲ್ಲಿ ಅವಳಿಗೆ ಬ್ರಿಟನ್ ಸಿಂಹಾಸನ ಸಿಕ್ಕಿತು. ಅಲ್ಲಿಯವರೆಗೆ ಅದೇ ರಾಜನ ಕೈಯಲ್ಲಿದ್ದ ಹ್ಯಾನೋವರ್ ಸಿಗಲಿಲ್ಲ. ಹೆಣ್ಣು ಅಂತ ಅದು ಚಿಕ್ಕಪ್ಪನಿಗೆ ಹೋಯಿತು.

ತಮ್ಮ ಹುಟ್ಟಿದರೂ ಅಕ್ಕನ ಸ್ಥಾನ ಅಕ್ಕನದೇ ಅಂತ ಕಾನೂನಾದದ್ದು ಯಾವಾಗ ಗೊತ್ತಾ? 2013. ಜಾರಿಗೆ ಬಂದದ್ದು 2015ರಲ್ಲಿ. ಆ ವರ್ಷ ಹುಟ್ಟಿದ ಶಾರ್ಲೆಟ್, 2018ರಲ್ಲಿ ಹುಟ್ಟಿದ ತಮ್ಮ ಲೂಯಿಗಿಂತ ಸಾಲಿನಲ್ಲಿ ಮುಂದಿದ್ದಾಳೆ. ಇದಕ್ಕೆ ಅವರಿಗೆ ಇಷ್ಟು ಶತಮಾನ ಬೇಕಾಯಿತು.

ನಗಬೇಡಿ. ನಮ್ಮ ಮನೆಗಳಲ್ಲಿ ಸಿಂಹಾಸನ ಇಲ್ಲ. ಇರೋದು ಒಂದು ಟೂ ಬಿಎಚ್‌ಕೆ, ಅದಕ್ಕೊಂದು ಲೋನ್. ಅದಕ್ಕೂ ವಾರಸುದಾರ ಬೇಕಂತೆ! ಸ್ಕ್ಯಾನಿಂಗ್ ಸೆಂಟರ್ ಗೋಡೆಯಲ್ಲಿ ಲಿಂಗ ಪತ್ತೆ ಅಪರಾಧ ಅಂತ ಬೋರ್ಡ್ ಇರುತ್ತೆ. ಅಲ್ಲಿ ಕೇಳೋಕಾಗದ್ದನ್ನು ಪ್ರಾರ್ಥನಾ ವಿನಂತಿ ಅಂತ ನನಗೆ ಕಳಿಸ್ತಾರೆ: ಪಾಸ್ಟರ್, ಮೊದಲನೆಯದು ಹೆಣ್ಣು, ಈ ಸಲ ಗಂಡಾಗಲಿ ಅಂತ ಪ್ರಾರ್ಥಿಸಿ. ನಾನು ಆ ಪ್ರಾರ್ಥನೆ ಮಾಡಲ್ಲ. ಮೊದಲನೆಯ ಮಗು ಅಲ್ಲೇ ಅಮ್ಮನ ಸೆರಗು ಹಿಡಿದು ನಿಂತು ಕೇಳಿಸ್ಕೊಳ್ತಾ ಇರುತ್ತೆ.

ಎದ್ದು ನಿಲ್ಲೋಣ. ಬಸುರಿಯಾಗಿರೋ ತಂಗಿಯರು ಮುಂದೆ ಬನ್ನಿ. ಗಂಡಂದಿರೂ ಬನ್ನಿ. ಅತ್ತೆಯವರು ಬಂದಿದ್ದರೆ ಅವರೂ ಬಂದು ಸೊಸೆಯ ಹೆಗಲ ಮೇಲೆ ಕೈಯಿಡಿ. ತಾಯಿಗೋಸ್ಕರ, ಮಗುವಿಗೋಸ್ಕರ ಪ್ರಾರ್ಥಿಸೋಣ. ಗಂಡೋ ಹೆಣ್ಣೋ ನಾನು ಕೇಳಲ್ಲ, ನೀವೂ ಕೇಳಬೇಡಿ. ಕಣ್ಣು ಮುಚ್ಚಿ.